ಟೆಕ್ನೋಸ್ಟ್ರೆಸ್ ಪ್ರಶ್ನಾವಳಿ: ವಾಚ್‌ಗಿಂತ ಇದೇ ವಾಸಿ

ಆಫೀಸಿನಲ್ಲಿ ಎಚ್‌ಆರ್‌ನವರು ಕಳಿಸಿದ ಟೆಕ್ನೋಸ್ಟ್ರೆಸ್ (ಫೋನು, ಕಂಪ್ಯೂಟರ್ ಬಳಕೆಯಿಂದ ಆಗೋ ಒತ್ತಡ) ಪ್ರಶ್ನಾವಳಿ ತುಂಬಿದೆ, ನಿಜಕ್ಕೂ ಇಷ್ಟವಾಯಿತು. 2007ರಲ್ಲಿ ಸಂಶೋಧಕಿ ಮೋನಿದೀಪಾ ತರಫ್ದಾರ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಗೋಲೇ ಇದಕ್ಕೆ ಆಧಾರ. ಐದು ವಿಷಯ ಬಿಡಿಬಿಡಿಯಾಗಿ ಕೇಳುತ್ತದೆ: ಕೆಲಸದ ಹೊರೆ ಜಾಸ್ತಿಯಾಗಿದೆಯಾ, ಫೋನು ಲ್ಯಾಪ್‌ಟಾಪು ಮನೆಯೊಳಗೂ ನುಗ್ಗಿವೆಯಾ, ಸಾಫ್ಟ್‌ವೇರ್ ತಲೆಗೆ ಹತ್ತುತ್ತಿಲ್ಲವಾ, ಹೆಚ್ಚು ತಿಳಿದವರು ಬಂದು ನಮ್ಮ ಜಾಗ ಕಿತ್ತುಕೊಳ್ಳುತ್ತಾರೆ ಅನ್ನೋ ಭಯ ಇದೆಯಾ, ಸಿಸ್ಟಮ್ ಪದೇ ಪದೇ ಬದಲಾಗುತ್ತಿದೆಯಾ. ನನಗೆ ಎರಡನೆಯದರಲ್ಲೇ ಅಂಕ ಜಾಸ್ತಿ ಬಂತು. ರಾತ್ರಿ ಅನ್ನ ಕಲಸುವಾಗ ಬರೋ ಮೆಸೇಜ್, ಎಡಗೈಯಲ್ಲೇ ಟೈಪ್ ಮಾಡೋ ಉತ್ತರ, ಎಲ್ಲ ಅದರಲ್ಲಿ ಬಂದಿತ್ತು.

ಕೈಯಲ್ಲಿರೋ ಸ್ಮಾರ್ಟ್‌ವಾಚ್ ಕೂಡ ಸ್ಟ್ರೆಸ್ ಅಂತ ನಂಬರ್ ತೋರಿಸುತ್ತದೆ. ಆದರೆ ಅದು ನೋಡೋದು ಎದೆಬಡಿತಗಳ ನಡುವಿನ ಅಂತರ. ಜ್ವರ ಬಂದರೂ ಆ ನಂಬರ್ ಏರುತ್ತದೆ, ಸ್ಟ್ರಾಂಗ್ ಕಾಫಿ ಕುಡಿದರೂ ಏರಬಹುದು. ಕಾರಣ ಮಾತ್ರ ಹೇಳುವುದಿಲ್ಲ.

ಬೇಜಾರಾಗಿದ್ದು ಎರಡು: ನಮ್ಮ ಫಾರ್ಮ್‌ನಲ್ಲಿ ಎಂಪ್ಲಾಯಿ ಐಡಿ ಕಡ್ಡಾಯ ಮಾಡಿದ್ದರು. ಹಾಗಾದರೆ ಯಾರು ನಿಜ ಬರೆಯುತ್ತಾರೆ? ವಾಟ್ಸಾಪ್ ಗ್ರೂಪ್, ವಿಡಿಯೋ ಮೀಟಿಂಗ್ ಬಗ್ಗೆ ಪ್ರಶ್ನೆಯೇ ಇಲ್ಲ, ಹಳೇ ಅಳತೆಗೋಲು ಅಲ್ವಾ. ಐಡಿ ತೆಗೆದು, ಇವೆರಡನ್ನು ಸೇರಿಸಿದರೆ ನಾನು ಕೊಡೋ ನಾಲ್ಕು ಸ್ಟಾರ್ ಐದಾಗುತ್ತದೆ.