ಮಾಸಾಶನದ ಮೇಲ್ಮನವಿ: ಯಾವ ಲೆಕ್ಕಕ್ಕೂ ಸೇರದ ಒಂಬತ್ತು ತಿಂಗಳು

ಸಂಧ್ಯಾ ಸುರಕ್ಷಾ ಮಾಸಾಶನದ ಅರ್ಜಿ ತಿರಸ್ಕೃತವಾದರೆ ಮುಂದೇನು ಮಾಡಬೇಕು ಎಂದು ಊರಿನ ನಾಲ್ಕೈದು ಮಂದಿ ಈಚೆಗೆ ನನ್ನನ್ನು ಕೇಳಿದರು. ನನ್ನ ಸೋದರತ್ತೆಯ ಪರವಾಗಿ ಮೇಲ್ಮನವಿ ಸಲ್ಲಿಸಿ, ಹಣ ಅವರ ಖಾತೆಗೆ ಬರುವವರೆಗೂ ಓಡಾಡಿದವನು ನಾನೇ ಆದ್ದರಿಂದ, ಈ ಸೇವೆ ಎಲ್ಲಿ ಚೆನ್ನಾಗಿದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬರೆದಿಡುತ್ತಿದ್ದೇನೆ. ಅಂಕ ಕೊಡಬೇಕೆಂದರೆ ಅರ್ಜಿ ಸ್ವೀಕರಿಸುವ ಹಂತಕ್ಕೆ ಐದರಲ್ಲಿ ನಾಲ್ಕು, ಮೇಲ್ಮನವಿಯ ವಿಚಾರಣೆಗೂ ನಾಲ್ಕು, ಆ ವಿಚಾರಣೆಗಾಗಿ ಕಾಯಿಸಿದ್ದಕ್ಕೆ ಒಂದೇ ಒಂದು.

ಅತ್ತೆಗೆ 67 ವರ್ಷ. ಮೊಣಕಾಲು ಹಿಡಿದುಕೊಳ್ಳುವವರೆಗೂ ಕಳೆ ಕೀಳುವ, ನಾಟಿ ಮಾಡುವ ಕೂಲಿಗೆ ಹೋಗುತ್ತಿದ್ದವರು. 65 ತುಂಬಿದವರಿಗೆ ಈ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಅಲ್ಲಿನ ಸಿಬ್ಬಂದಿ ದಾಖಲೆಗಳನ್ನು ನೋಡಿ, ಅರ್ಧ ಗಂಟೆಯೊಳಗೆ ಸರ್ಕಾರಿ ಸೇವೆಗಳಿಗೆ ಗಡುವು ಗೊತ್ತುಪಡಿಸುವ ಸಕಾಲ ಕಾಯಿದೆಯಡಿ ಕೊಡುವ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೈಗೆ ಕೊಟ್ಟರು. ಅದರಲ್ಲಿ 45 ದಿನಗಳ ಗಡುವು ಇತ್ತು. ಅರ್ಜಿ ಯಾರ ಬಳಿ ಇದೆ ಎಂಬುದನ್ನು ಆ ಸಂಖ್ಯೆಯಿಂದ ಮನೆಯಲ್ಲೇ ಕುಳಿತು ತಿಳಿಯಬಹುದಿತ್ತು. 2012ರ ಏಪ್ರಿಲ್ 2ರಂದು ಸಕಾಲ ರಾಜ್ಯದಾದ್ಯಂತ ಜಾರಿಗೆ ಬರುವುದಕ್ಕೆ ಮೊದಲು, ಇದೇ ಕೆಲಸಕ್ಕೆ ನನ್ನ ಅಜ್ಜಿಯ ಕಾಗದಗಳನ್ನು ಹಿಡಿದುಕೊಂಡು ಅಪ್ಪ ಎಷ್ಟು ಸಲ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ್ದರೆಂಬುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ಸುಧಾರಣೆಯನ್ನು ನಾನು ಹಗುರವಾಗಿ ಕಾಣಲಾರೆ.

ತೊಂದರೆ ಶುರುವಾದದ್ದು ಸ್ಥಳ ಪರಿಶೀಲನೆಯಲ್ಲಿ. ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದ ದಿನ ಅತ್ತೆ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಬಾಗಿಲಿಗೆ ಬೀಗ ಇತ್ತು. ಅಕ್ಕಪಕ್ಕದವರನ್ನು ವಿಚಾರಿಸದೆ, ಮತ್ತೊಮ್ಮೆ ಬರದೆ, ‘ಅರ್ಜಿದಾರರು ಗ್ರಾಮದಲ್ಲಿ ವಾಸವಿರುವುದಿಲ್ಲ’ ಎಂದು ವರದಿಯಾಯಿತು. ಆ ಒಂದು ಸಾಲನ್ನೇ ಕಾರಣವಾಗಿ ತೋರಿಸಿ, 43ನೇ ದಿನ ಹಿಂಬರಹ, ಅಂದರೆ ಅರ್ಜಿ ತಿರಸ್ಕರಿಸಿದ ಲಿಖಿತ ಉತ್ತರ, ಬಂತು. ನಲವತ್ತು ವರ್ಷ ಅದೇ ಮನೆಯ ಹೊಸ್ತಿಲು ಸಾರಿಸಿದವರು ಆ ಊರಿನವರೇ ಅಲ್ಲವೆಂದು ಕಾಗದ ಹೇಳಿದಾಗ ಅತ್ತೆ ಹಣದ ವಿಷಯ ಎತ್ತಲೇ ಇಲ್ಲ. ‘ನಾನು ಇಲ್ಲಿಯವಳಲ್ಲ ಅಂತ ಬರೆದವರು ಯಾರಪ್ಪಾ?’ ಎಂದಷ್ಟೇ ಕೇಳಿದರು.

ಇಲ್ಲಿ ಕಾಯಿದೆಯ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಡುವಿನೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಒಟ್ಟು 500 ರೂಪಾಯಿಗೆ ಮೀರದಂತೆ ಪರಿಹಾರ ಪಡೆಯುವ ಹಕ್ಕನ್ನು ಸಕಾಲ ಕೊಟ್ಟಿದೆ. ಅಂದರೆ 25 ದಿನ ತಡವಾಗುವ ಹೊತ್ತಿಗೆ ಆ ಮಿತಿ ಮುಟ್ಟುತ್ತದೆ. 26ನೆಯ ದಿನದಿಂದ ಆಚೆಗೆ ಎಷ್ಟೇ ತಡವಾದರೂ ಪರಿಹಾರದ ಮೊತ್ತ ಒಂದು ರೂಪಾಯಿಯಷ್ಟೂ ಬೆಳೆಯುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು, ಈ ಪರಿಹಾರ ವಿಳಂಬದ ದಿನಗಳನ್ನು ಎಣಿಸಿ ಕೊಡುವಂಥದ್ದು ಎಂಬುದು. 43ನೇ ದಿನ ಬಂದ ತಪ್ಪು ಹಿಂಬರಹದಲ್ಲಿ ಎಣಿಸಲು ವಿಳಂಬದ ದಿನವೇ ಇಲ್ಲ. ಅತ್ತೆಯ ಪಾಲಿಗೆ ಬಾಗಿಲು ಮುಚ್ಚಿದ ಆ ಅರ್ಜಿ, ದಾಖಲೆಯಲ್ಲಿ ಅವಧಿಗೆ ಎರಡು ದಿನ ಮೊದಲೇ ವಿಲೇವಾರಿಯಾದ ಅರ್ಜಿಯಾಗಿತ್ತು.

ಹಿಂಬರಹ ತೋರಿಸಿ ಕೇಳಿದಾಗ ಸಿಕ್ಕ ಮೊದಲ ಸಲಹೆ, ‘ಮೇಲ್ಮನವಿ ಎಲ್ಲ ಯಾಕೆ, ಹೊಸ ಅರ್ಜಿ ಹಾಕಿಬಿಡಿ’ ಎಂಬುದು. ಹೇಳಿದವರ ದನಿಯಲ್ಲಿ ಕನಿಕರವೇ ಇತ್ತು, ಕೆಲವರಿಗೆ ಅದು ಬೇಗ ಆಗುವ ದಾರಿಯೂ ಆಗಬಹುದು. ಆದರೆ ಹೊಸ ಅರ್ಜಿಗೆ ಹೊಸ ಸಂಖ್ಯೆ ಬರುತ್ತದೆ, 45 ದಿನಗಳ ಎಣಿಕೆ ಮೊದಲಿನಿಂದ ಶುರುವಾಗುತ್ತದೆ, ಹಳೆಯ ವರದಿ ಪ್ರಶ್ನೆಗೊಳಗಾಗದೆ ಕಡತದಲ್ಲೇ ಉಳಿಯುತ್ತದೆ. ಅತ್ತೆಗೂ ಆ ಸಾಲು ಹಾಗೆಯೇ ಉಳಿಯುವುದು ಬೇಡವಾಗಿತ್ತು. ತಿರಸ್ಕಾರವಾದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕೆಂಬ ನಿಯಮವಿದ್ದುದರಿಂದ, 19ನೆಯ ದಿನ ಪಡಿತರ ಚೀಟಿ, ವಿದ್ಯುತ್ ಬಿಲ್ಲು, ಗ್ರಾಮ ಪಂಚಾಯಿತಿಯ ವಾಸದ ದೃಢೀಕರಣ ಮತ್ತು ನೆರೆಯ ಮೂವರ ಹೇಳಿಕೆಗಳ ಸಮೇತ ಉಪವಿಭಾಗದ ಕಚೇರಿಗೆ ಹೋದೆವು.

ಟಪಾಲು ವಿಭಾಗದಲ್ಲಿ ಮುದ್ರೆ ಒತ್ತಿ ಪ್ರತಿ ವಾಪಸ್ಸು ಕೊಟ್ಟರು. ಅಲ್ಲಿಂದ ಮುಂದೆ ನಮಗೆ ಏನೂ ಕಾಣದಾಯಿತು. ಒಂದು ತಿಂಗಳಾದ ಮೇಲೆ ವಿಚಾರಿಸಿದರೆ ಕಡತ ‘ಕೆಳಗಿನ ಕಚೇರಿಯಿಂದ ಬರಬೇಕು’ ಎಂದರು. ಎರಡನೆಯ ತಿಂಗಳು ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ವರ್ಗವಾಗಿದ್ದರು. ಮೂರನೆಯ ತಿಂಗಳಲ್ಲಿ ಗೊತ್ತಾದದ್ದೇನೆಂದರೆ, ನಮ್ಮ ಮೇಲ್ಮನವಿಯನ್ನು ಕೈಬರಹದ ವಹಿಯಲ್ಲಿ ಬರೆದುಕೊಂಡಿದ್ದರೇ ಹೊರತು ಗಣಕದಲ್ಲಿ ನಮೂದಿಸಿರಲೇ ಇಲ್ಲ. ಮೇಲ್ಮನವಿಯ ವಿಲೇವಾರಿಗೂ ಸಕಾಲದಲ್ಲಿ ಅವಧಿ ಗೊತ್ತುಪಡಿಸಲಾಗಿದೆ, ನಿಜ. ಆದರೆ ಗಣಕಕ್ಕೆ ಏರದ ಮೇಲ್ಮನವಿಯ ಅವಧಿ ಮೀರಿದೆಯೆಂದು ಯಾರ ಪರದೆಯ ಮೇಲೂ ಕಾಣಿಸುವುದಿಲ್ಲ. ಅಧಿಕಾರಿಯ ಮೇಲಿನ ಅಧಿಕಾರಿಗೂ ಅದು ಬಾಕಿ ಪ್ರಕರಣವಾಗಿ ತೋರುವುದಿಲ್ಲ. ಅರ್ಜಿಯ ಹಂತದಲ್ಲಿ ಬೆರಳ ತುದಿಯಲ್ಲಿದ್ದ ಮಾಹಿತಿಗಾಗಿ, ಮೇಲ್ಮನವಿಯ ಹಂತದಲ್ಲಿ ಪ್ರತಿ ಸಲ ಬಸ್ ಹತ್ತಿ 38 ಕಿಲೋಮೀಟರ್ ಹೋಗಬೇಕಾಯಿತು.

ವಿಚಾರಣೆಯ ದಿನಾಂಕ ಎರಡು ಬಾರಿ ಮುಂದಕ್ಕೆ ಹೋಯಿತು. ಎರಡು ಸಲವೂ ಅಲ್ಲಿಗೆ ತಲುಪಿದ ಮೇಲೆಯೇ ಸಾಹೇಬರು ಸಭೆಗೆ ಹೋಗಿದ್ದಾರೆಂದು ತಿಳಿದದ್ದು. ಒಂದು ದೂರವಾಣಿ ಕರೆ ಬಂದಿದ್ದರೆ ಅತ್ತೆಯ ಮೊಣಕಾಲಿಗೆ ಆ ಶ್ರಮ ತಪ್ಪುತ್ತಿತ್ತು. ಮೂರನೆಯ ಸಲ, ಅಂದರೆ ಮೇಲ್ಮನವಿ ಕೊಟ್ಟ ಆರನೆಯ ತಿಂಗಳಲ್ಲಿ, ವಿಚಾರಣೆ ನಡೆಯಿತು. ಅದರ ಬಗ್ಗೆ ನನಗೆ ಗೌರವವಿದೆ. ಅಧಿಕಾರಿ ಅತ್ತೆಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ‘ಅಮ್ಮ, ಆ ದಿನ ಎಲ್ಲಿಗೆ ಹೋಗಿದ್ರಿ?’ ಎಂದು ನೇರವಾಗಿ ಅವರನ್ನೇ ಕೇಳಿದರು. ಅತ್ತೆ ಬಾಣಂತನದ ವಿಷಯ ಹೇಳಿದರು. ಪಡಿತರ ಚೀಟಿಯ ಮೇಲೆ, ಪಂಚಾಯಿತಿಯ ಪತ್ರದ ಮೇಲೆ ಕಣ್ಣಾಡಿಸಿ, ‘ಇಷ್ಟನ್ನು ಅಲ್ಲೇ ನೋಡಬಹುದಿತ್ತಲ್ಲ’ ಎಂದು ಶಿರಸ್ತೇದಾರರ ಕಡೆ ತಿರುಗಿದರು. ಒಟ್ಟು ಹತ್ತು ನಿಮಿಷ. ಆ ಹತ್ತು ನಿಮಿಷ ಮೊದಲ ತಿಂಗಳಲ್ಲೇ ಸಿಗಲು ಯಾವ ಅಡ್ಡಿಯಿತ್ತು ಎಂಬ ಪ್ರಶ್ನೆ ವಾಪಸ್ಸು ಬರುವ ಬಸ್ಸಿನುದ್ದಕ್ಕೂ ನನ್ನನ್ನು ಕಾಡಿತು.

ಆದೇಶದಲ್ಲಿ ಹಿಂಬರಹ ರದ್ದಾಯಿತು, ಆದರೆ ಮಾಸಾಶನ ಮಂಜೂರಾಗಲಿಲ್ಲ. ಮರುಪರಿಶೀಲಿಸಿ ನಿಯಮಾನುಸಾರ ಕ್ರಮ ವಹಿಸುವಂತೆ ಕಡತ ತಹಶೀಲ್ದಾರರಿಗೆ ಹಿಂದಿರುಗಿತು. ಇನ್ನೊಂದು ಸ್ಥಳ ಪರಿಶೀಲನೆ, ಇನ್ನೊಂದು ವರದಿ, ಮತ್ತೆ ಎರಡು ತಿಂಗಳಿಗೂ ಹೆಚ್ಚು. ಈ ಸಲ ಬಂದ ಗ್ರಾಮ ಆಡಳಿತಾಧಿಕಾರಿ ಹಿಂದಿನ ದಿನವೇ ಕರೆ ಮಾಡಿ ತಿಳಿಸಿ ಬಂದರು, ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಹಿಂಬರಹದ ದಿನದಿಂದ ಮೊದಲ ಕಂತು ಖಾತೆಗೆ ಬೀಳುವವರೆಗೆ ಒಂಬತ್ತು ತಿಂಗಳಾಗಿತ್ತು. ನಮ್ಮ ಪ್ರಕರಣದಲ್ಲಿ ಹಣ ಬಂದದ್ದು ಮಂಜೂರಾತಿಯ ನಂತರದ ತಿಂಗಳುಗಳಿಗೆ ಮಾತ್ರ. ಕಾದ ತಿಂಗಳುಗಳ 10,800 ರೂಪಾಯಿ ಹೋದದ್ದು ಹೋದಂತೆಯೇ. ಮಾತ್ರೆಗೆಂದು ಅಂಗಡಿಯಲ್ಲಿ ಬರೆಸಿದ್ದ ಸಾಲವನ್ನು ಅತ್ತೆ ಈಗಲೂ ತೀರಿಸುತ್ತಿದ್ದಾರೆ.

ಮೇಲ್ಮನವಿಗೆ ಗಡುವು ಹಾಕಿ ಅದನ್ನು ಪಾಲಿಸುವಂತೆ ಮಾಡುವುದು ನಮ್ಮ ಕಾನೂನುಗಳಿಗೆ ಹೊಸತೇನಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಮೊದಲ ಮೇಲ್ಮನವಿಯನ್ನು 30 ದಿನಗಳಲ್ಲಿ, ತಡವಾದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕೆಂದಿದೆ. ಒಂದು ಕಡತದ ನಕಲಿಗೆ ಇರುವ ಈ ಕಟ್ಟುಪಾಡು, ಊಟ ಮತ್ತು ಔಷಧಿಗೆ ಸಂಬಂಧಿಸಿದ ಮಾಸಾಶನಕ್ಕೆ ಇನ್ನೂ ಬಿಗಿಯಾಗಿ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಟಪಾಲಿನಲ್ಲಿ ಮುದ್ರೆ ಬೀಳುವ ಕ್ಷಣದಲ್ಲೇ ಮೇಲ್ಮನವಿಗೂ ಸಂಖ್ಯೆ ದೊರೆಯಬೇಕು. ತಿರಸ್ಕಾರ ತಪ್ಪೆಂದು ತೀರ್ಮಾನವಾದರೆ ಮಾಸಾಶನ ಹಿಂಬರಹದ ದಿನದಿಂದಲೇ ಲೆಕ್ಕವಾಗಬೇಕು. ಎರಡನೆಯದು ಆಗುವವರೆಗೂ ಕಾಯುವಿಕೆಯ ಖರ್ಚೆಲ್ಲ ಬಡವರ ತಲೆಯ ಮೇಲೆಯೇ ಬೀಳುತ್ತಿರುತ್ತದೆ.

ಈ ದಾರಿಯಲ್ಲಿ ಹೊರಟವರು ಬಾಯಿಮಾತಿನ ‘ಆಗಲ್ಲ’ ಕೇಳಿ ಮನೆಗೆ ಬರಬೇಡಿ; ದಿನಾಂಕ ಮತ್ತು ಕಾರಣವುಳ್ಳ ಹಿಂಬರಹವನ್ನು ಕೇಳಿ ಪಡೆಯಿರಿ. ಮೇಲ್ಮನವಿಯ ಎರಡನೆಯ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ, ಅದನ್ನು ಸಕಾಲದ ಗಣಕದಲ್ಲಿ ನಮೂದಿಸಿದ್ದಾರೆಯೇ ಎಂದು ಅದೇ ವಾರ ಹೋಗಿ ವಿಚಾರಿಸಿ. ನಾನು ಮೂರು ತಿಂಗಳು ಬಿಟ್ಟು ಕೇಳಿದೆ. ಸ್ಥಳ ಪರಿಶೀಲನೆಗೆ ಮೊದಲು ಊರು ಬಿಡಬೇಕಾಗಿ ಬಂದರೆ ಗ್ರಾಮ ಆಡಳಿತಾಧಿಕಾರಿಗೆ ಒಂದು ಚೀಟಿ ಬರೆದುಕೊಟ್ಟು, ಅದರ ನಕಲನ್ನು ಸ್ವೀಕೃತಿಯ ಜೊತೆಯಲ್ಲೇ ಇಟ್ಟುಕೊಳ್ಳಿ.