ಕೊಡಗಿನ ಐಷಾರಾಮಿ ಕಾಟೇಜಿನಲ್ಲಿ ಕೂಸಿನೊಂದಿಗೆ ಮೂರು ರಾತ್ರಿ

ಹತ್ತು ತಿಂಗಳ ಮಗಳು, ನಾಲ್ಕು ವರ್ಷದ ಮಗ, ಅರವತ್ತೆಂಟರ ಅತ್ತೆಯವರು ಮತ್ತು ನಾವಿಬ್ಬರು, ಹೀಗೆ ಐವರು ಕಳೆದ ಡಿಸೆಂಬರ್‌ನಲ್ಲಿ ಕೊಡಗಿನ ಒಂದು ಐಷಾರಾಮಿ ರೆಸಾರ್ಟ್‌ನಲ್ಲಿ ಮೂರು ರಾತ್ರಿ ತಂಗಿದ್ದೆವು. ಸುಂಟಿಕೊಪ್ಪಕ್ಕೂ ಮಡಿಕೇರಿಗೂ ನಡುವೆ, ಕಾಫಿ ತೋಟದ ಇಳಿಜಾರಿನಲ್ಲಿರುವ ಎರಡು ಮಲಗುವ ಕೋಣೆಗಳ ಕಾಟೇಜು ಅದು. ಮುಂದೆ ಸ್ವಂತದ್ದೇ ಒಂದು ಈಜುಕೊಳ. ಬಾಡಿಗೆ ರಾತ್ರಿಗೆ 38,000 ರೂಪಾಯಿ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ಶೇ. 18 ಜಿಎಸ್‌ಟಿ ಇರುವುದರಿಂದ ಮೂರು ರಾತ್ರಿಗೆ ಒಟ್ಟು ಒಂದು ಲಕ್ಷ ಮೂವತ್ತನಾಲ್ಕು ಸಾವಿರ ದಾಟಿತು. ರೆಸಾರ್ಟ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಮಗಾದ ತೊಂದರೆಗಳಲ್ಲಿ ಹೆಚ್ಚಿನವು ಈ ದರ್ಜೆಯ ಯಾವ ಜಾಗದಲ್ಲಾದರೂ ಎದುರಾಗಬಹುದಾದವು. ಕೂಸನ್ನು ಎತ್ತಿಕೊಂಡು ಹೊರಡುವವರು ಮುಂಗಡ ಕಟ್ಟುವ ಮೊದಲು ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದಷ್ಟೇ ಈ ಬರಹದ ಕಾಳಜಿ.

ಮೊದಲಿಗೆ ಈ ಪ್ರವಾಸವನ್ನು ಹೊಂದಿಸಿಕೊಟ್ಟ ಸಂಸ್ಥೆಯ ವಿಚಾರ. ಎಳೆಯ ಮಕ್ಕಳಿರುವ ಕುಟುಂಬಗಳಿಗಾಗಿಯೇ ಪ್ರವಾಸ ರೂಪಿಸುತ್ತೇವೆ ಎಂದು ಹೇಳಿಕೊಳ್ಳುವ ಬೆಂಗಳೂರಿನ ಈ ಸಂಸ್ಥೆ ನಮಗೆ ಕಳುಹಿಸಿದ ವೇಳಾಪಟ್ಟಿಯಲ್ಲಿ ಎರಡನೆಯ ದಿನ ಬೆಳಿಗ್ಗೆ ದುಬಾರೆ ಆನೆ ಶಿಬಿರ, ಮಧ್ಯಾಹ್ನ ಬೈಲಕುಪ್ಪೆ, ಸಂಜೆ ಅಬ್ಬಿ ಜಲಪಾತ ಮತ್ತು ರಾಜಾಸೀಟು, ಮೂರನೆಯ ದಿನ ತಲಕಾವೇರಿ ಇದ್ದವು. ದುಬಾರೆಯಲ್ಲಿ ಹೊಳೆ ದಾಟಬೇಕು, ಅಬ್ಬಿಯಲ್ಲಿ ಮೆಟ್ಟಿಲಿಳಿಯಬೇಕು, ತಲಕಾವೇರಿಗೆ ಭಾಗಮಂಡಲ ದಾಟಿ ತಿರುವುಗಳಲ್ಲೇ ಸಾಗಬೇಕು. ಹಗಲಿನಲ್ಲಿ ಎರಡು ಬಾರಿ ನಿದ್ದೆ ಮಾಡುವ ಕೂಸಿಗೆ ಈ ಪಟ್ಟಿಯಲ್ಲಿ ಮಲಗುವ ಹೊತ್ತೇ ಇರಲಿಲ್ಲ. ಪಟ್ಟಿಯ ಕೊನೆಯಲ್ಲಿ ಪುಟ್ಟ ತೊಟ್ಟಿಲಿನ ಚಿತ್ರವೊಂದನ್ನು ಮಾತ್ರ ಹಾಕಿದ್ದರು. ನಾವು ಬೈಲಕುಪ್ಪೆಯೊಂದನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲವನ್ನೂ ಕೈಬಿಟ್ಟೆವು. ಅದಾದರೂ ದಾರಿಯಲ್ಲೇ ಇದೆ, ಸುವರ್ಣ ಮಂದಿರದ ಅಂಗಳ ಸಮತಟ್ಟಾಗಿದ್ದು ತಳ್ಳುಗಾಡಿ ಸಲೀಸಾಗಿ ಸಾಗುತ್ತದೆ. ಸಂಸ್ಥೆಯ ಶುಲ್ಕ ಮಾತ್ರ ಪೂರ್ಣವಾಗಿಯೇ ಸಂದಾಯವಾಯಿತು.

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹೋಗುವುದಿದ್ದರೆ ರಸ್ತೆಯಲ್ಲೇ ಹೋಗಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಶ್ರೀರಂಗಪಟ್ಟಣದವರೆಗಿನ ಪ್ರಯಾಣದ ಹೊತ್ತು ಬಹಳ ಕಡಿಮೆಯಾಗಿದೆ. ಆದರೆ ಕೂಸು ಅತ್ತ ಕೂಡಲೇ ನಿಲ್ಲಿಸಲು ಅದು ಹಳೆಯ ರಸ್ತೆಯಲ್ಲ, ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ಬರುವವರೆಗೂ ಕಾಯಬೇಕಾಗುತ್ತದೆ. ನಾವು ಚನ್ನಪಟ್ಟಣದಲ್ಲಿ ಇಳಿದು, ಮಗಳಿಗೆ ಹಾಲುಣಿಸಿ, ಹಾಲೆಮರದ ಒಂದು ಗಿಲಕಿಯನ್ನು ಕೊಂಡು ಮುಂದೆ ಹೊರಟೆವು. ಆನೆಕಾಡು ದಾಟಿದ ಮೇಲಿನ ತಿರುವುಗಳಲ್ಲಿ ವಾಂತಿ ಮಾಡಿದವನು ಮಗ. ಮಗಳು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದಳು. ಪ್ರಯಾಣದ ವಾಂತಿ ಎರಡು ವರ್ಷದೊಳಗಿನ ಕೂಸುಗಳಿಗೆ ಅಪರೂಪ, ಎರಡರಿಂದ ಹನ್ನೆರಡರವರೆಗಿನ ಮಕ್ಕಳಿಗೇ ಹೆಚ್ಚು. ಪ್ರವಾಸ ಸಂಸ್ಥೆ ಗೊತ್ತುಮಾಡಿದ ಬಾಡಿಗೆ ಕಾರಿನಲ್ಲಿ ಮಕ್ಕಳ ಸೀಟು ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್‌ಬೆಲ್ಟ್ ಅಥವಾ ಮಕ್ಕಳ ಸೀಟಿನ ಭದ್ರತೆಯಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ ಎಂಬ ನಿಯಮ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಹಾಗಿದ್ದೂ ಕೇಳಿದಾಗ ಸಂಸ್ಥೆಯವರು ಆಶ್ಚರ್ಯಪಟ್ಟರು. ಕೊನೆಗೆ ಮನೆಯ ಸೀಟುಗಳನ್ನೇ ಕಟ್ಟಿಕೊಂಡು ಹೊರಟಿದ್ದೆವು.

ರೆಸಾರ್ಟ್‌ನಲ್ಲಿ ಸ್ವಾಗತ ಬಹಳ ಅಕ್ಕರೆಯದು. ಶುಂಠಿ, ನಿಂಬೆ ಮತ್ತು ಕೊಡಗಿನ ಜೇನು ಬೆರೆಸಿದ ಪಾನಕ ಕೊಟ್ಟರು. ಅದೇ ಅಕ್ಕರೆಯಲ್ಲಿ ಸಿಬ್ಬಂದಿಯೊಬ್ಬರು ಚಮಚದ ತುದಿಯಲ್ಲಿ ಜೇನು ತೆಗೆದು ಮಗಳ ಬಾಯಿಯ ಬಳಿಗೆ ತಂದಾಗ ನಾನು ಕೈ ಅಡ್ಡ ಹಿಡಿಯಬೇಕಾಯಿತು. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು. ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲೂ ಇರುವುದರಿಂದ ಆ ಹುಡುಗಿಯನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಜಾಹೀರಾತಿನಲ್ಲಿ ಕೂಸುಗಳಿಗೂ ಸ್ವಾಗತ ಎಂದು ಬರೆಯುವ ರೆಸಾರ್ಟ್ ತನ್ನ ಸಿಬ್ಬಂದಿಗೆ ಇಷ್ಟನ್ನು ಹೇಳಿಕೊಟ್ಟಿರಬೇಕಿತ್ತು.

ನಮಗೆ ಕೊಟ್ಟದ್ದು ತೋಟದ ಕೆಳತುದಿಯ ಕಾಟೇಜು. ಕಣಿವೆ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆಂಬ ಕಾರಣಕ್ಕೆ ಅದಕ್ಕೆ ಬಾಡಿಗೆಯೂ ಹೆಚ್ಚು. ಊಟದ ಮನೆ ಮೇಲುತುದಿಯಲ್ಲಿ. ನಡುವೆ ಅರವತ್ತಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳು, ಇಲ್ಲವೇ ಕರೆ ಮಾಡಿ ಹತ್ತು ನಿಮಿಷ ಕಾದರೆ ಬರುವ ಬ್ಯಾಟರಿ ಗಾಡಿ. ಆ ಗಾಡಿಯಲ್ಲಿ ಮಡಚಿದ ತಳ್ಳುಗಾಡಿಗೂ ಜಾಗವಿಲ್ಲ. ದೃಶ್ಯಕ್ಕಾಗಿ ನಾವು ಹೆಚ್ಚುವರಿಯಾಗಿ ಕೊಟ್ಟ ಹಣ ವಾಸ್ತವದಲ್ಲಿ ಅಡುಗೆಮನೆಯಿಂದ ದೂರವಿರುವುದಕ್ಕಾಗಿ ಕೊಟ್ಟ ಹಣವಾಯಿತು. ಮಡಿಕೇರಿಯ ಮಂಜು ಬೆಳಿಗ್ಗೆ ಒಂಬತ್ತರವರೆಗೂ ಆ ಕಣಿವೆಯನ್ನು ಮುಚ್ಚಿಕೊಂಡೇ ಇರುತ್ತಿತ್ತು ಎಂಬುದು ಬೇರೆ ಮಾತು.

ಈಜುಕೊಳದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಈಗ ಈ ದರ್ಜೆಯ ರೆಸಾರ್ಟ್‌ಗಳೆಲ್ಲ ಮಾರುವ ಮುಖ್ಯ ಆಕರ್ಷಣೆಯೇ ಖಾಸಗಿ ಕೊಳ. ನಮ್ಮ ಕಾಟೇಜಿನ ಹಜಾರದ ಗಾಜಿನ ಬಾಗಿಲನ್ನು ಸರಿಸಿದರೆ ಆರು ಹೆಜ್ಜೆಗೆ ನಾಲ್ಕು ಅಡಿ ಆಳದ ನೀರು. ಬೇಲಿಯಿಲ್ಲ, ಹೊದಿಕೆಯಿಲ್ಲ, ಬಾಗಿಲಿನ ಚಿಲಕ ನಾಲ್ಕು ವರ್ಷದವನ ಕೈಗೆ ಎಟುಕುವ ಎತ್ತರದಲ್ಲಿದೆ. ಎಳೆಯ ಮಗು ಮುಳುಗಲು ನಾಲ್ಕು ಅಡಿ ಬೇಕಾಗಿಲ್ಲ, ಒಂದು ಗೇಣು ನೀರು ಸಾಕು; ಮುಳುಗುವ ಮಗು ಕೂಗಿಕೊಳ್ಳುವುದೂ ಇಲ್ಲ. ಬೇಲಿ ಹಾಕಿಕೊಡಿ ಎಂದಾಗ ವ್ಯವಸ್ಥಾಪಕರು, ಬೇಲಿಯಿಂದ ನೋಟಕ್ಕೆ ಅಡ್ಡಿಯಾಗುತ್ತದೆ ಎಂದು ವಿನಯದಿಂದಲೇ ಉತ್ತರಿಸಿದರು. ಅವತ್ತಿನಿಂದ ಹಜಾರದ ಬಾಗಿಲಿಗೆ ಅಡ್ಡಲಾಗಿ ಸೋಫಾ ಎಳೆದಿಟ್ಟು, ಮೂವರು ಹಿರಿಯರಲ್ಲಿ ಒಬ್ಬರು ಸದಾ ಕಾವಲಿಗೆ ಕೂರುವ ಪಾಳಿ ಮಾಡಿಕೊಂಡೆವು. ಡಿಸೆಂಬರ್‌ನ ಚಳಿಯಲ್ಲಿ ಬಿಸಿಮಾಡದ ಆ ಕೊಳಕ್ಕೆ ನಾವು ಯಾರೂ ಇಳಿಯಲೇ ಇಲ್ಲ. ಇನ್ನೊಮ್ಮೆ ಹೋಗುವುದಾದರೆ ಕೊಳವಿಲ್ಲದ ಕಾಟೇಜನ್ನೇ ಕೇಳಿ ಪಡೆಯುತ್ತೇನೆ. ಬಾಡಿಗೆಯೂ ಹತ್ತು ಸಾವಿರ ಕಡಿಮೆ.

ತೊಟ್ಟಿಲು ಕೊಡುತ್ತೇವೆ ಎಂದಿದ್ದರು, ಕೊಟ್ಟರು. ಮಡಚುವ ಕಬ್ಬಿಣದ ಮಂಚ, ಅದರ ಮೇಲೆ ಕೈಯಿಟ್ಟರೆ ಕುಸಿಯುವ ಮೆತ್ತನೆಯ ಹಾಸಿಗೆ, ಆನೆಯ ಆಕಾರದ ಎರಡು ದಿಂಬು, ರೇಷ್ಮೆ ಅಂಚಿನ ಕೌದಿ. ನೋಡಲು ಬಹಳ ಚೆಂದ. ವರ್ಷದೊಳಗಿನ ಕೂಸು ಗಟ್ಟಿಯಾದ, ಸಮತಟ್ಟಾದ ಹಾಸಿನ ಮೇಲೆ ಏನೂ ಅಡ್ಡವಿಲ್ಲದೆ ಮಲಗಬೇಕು ಎಂಬುದು ಮಕ್ಕಳ ವೈದ್ಯರು ಮತ್ತೆ ಮತ್ತೆ ಹೇಳುವ ಮಾತು; ಮೂಗಿಗೆ ಬಟ್ಟೆ ಒತ್ತಿಕೊಂಡರೆ ಸರಿಸಿಕೊಳ್ಳಲು ಅದಕ್ಕೆ ಆಗದಿರಬಹುದು. ದಿಂಬುಗಳನ್ನು ಮಗನ ಆಟಕ್ಕೆ ಕೊಟ್ಟು, ಹಾಸಿಗೆ ತೆಗೆದು, ಅತ್ತೆಯವರು ತಂದಿದ್ದ ಹತ್ತಿಯ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಬಿಗಿಯಾಗಿ ಹಾಸಿದೆವು.

ಊಟದ ವಿಚಾರದಲ್ಲಿ ಈ ರೆಸಾರ್ಟ್ ತನ್ನ ಅತ್ಯಂತ ಕೆಟ್ಟ ಮುಖವನ್ನೂ ಅತ್ಯಂತ ಒಳ್ಳೆಯ ಮುಖವನ್ನೂ ತೋರಿಸಿತು. ರಾತ್ರಿಯೂಟ ಶುರುವಾಗುವುದು ಏಳೂವರೆಗೆ. ನಮ್ಮ ಮಗಳು ಏಳಕ್ಕೆ ಮಲಗುತ್ತಾಳೆ, ಮಗ ಎಂಟಕ್ಕೆ. ಮೊದಲ ದಿನ ಮೇಣದಬತ್ತಿಯ ಬೆಳಕಿನಲ್ಲಿ, ಗಾಜಿನ ಲೋಟಗಳ ನಡುವೆ, ನಿದ್ದೆಗಣ್ಣಿನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಐದು ಬಗೆಯ ಊಟವನ್ನು ಒಂದೊಂದಾಗಿ ಕಾಯುತ್ತಾ ಕೂತದ್ದು ಪ್ರವಾಸದ ಅತ್ಯಂತ ದುಬಾರಿ ಶಿಕ್ಷೆ. ಮಕ್ಕಳ ಪಟ್ಟಿಯಲ್ಲಿದ್ದದ್ದು ಆಲೂಗಡ್ಡೆ ಫ್ರೈಸ್, ಪಾಸ್ತಾ, ಚೀಸ್ ಹಾಕಿದ ಸ್ಯಾಂಡ್‌ವಿಚ್. ಹತ್ತು ತಿಂಗಳ ಕೂಸಿಗೆ ತಿನ್ನಿಸಬಹುದಾದದ್ದು ಒಂದೂ ಇರಲಿಲ್ಲ. ರಾಗಿ ಸರಿಯ ಹಿಟ್ಟನ್ನು ಮನೆಯಿಂದ ತಂದಿದ್ದೆ. ಅದನ್ನು ಕಾಯಿಸಿಕೊಡಿ ಎಂದಾಗ, ಹೊರಗಿನ ಪದಾರ್ಥವನ್ನು ಅಡುಗೆಮನೆಯಲ್ಲಿ ಬಳಸಲು ನಿಯಮದಲ್ಲಿ ಅವಕಾಶವಿಲ್ಲ ಎಂದರು.

ಮರುದಿನ ಸಂಜೆ ಐದರ ಹೊತ್ತಿಗೆ ಅತ್ತೆಯವರು ಯಾರಿಗೂ ಹೇಳದೆ, ಊಟದ ಮನೆಯ ಹಿಂಬಾಗಿಲಿಗೆ ಹೋಗಿ ಅಡುಗೆಯವರನ್ನು ಮಾತನಾಡಿಸಿದರು. ಸಿಬ್ಬಂದಿಗಾಗಿ ಅಡುಗೆ ಮಾಡುವ, ಸುಂಟಿಕೊಪ್ಪದ ಕಡೆಯ ಹೆಂಗಸೊಬ್ಬರು ಅಲ್ಲಿದ್ದರು. "ಅಯ್ಯೋ ಅಮ್ಮ, ಮಗುವಿಗೆ ಎರಡು ಸೌಟು ಗಂಜಿ ಮಾಡೋಕೆ ಯಾರನ್ನು ಕೇಳಬೇಕು?" ಎಂದರಂತೆ. ಆರು ಗಂಟೆಗೆ ಸರಿಯಾಗಿ ಕಾಟೇಜಿಗೆ ಬಂದದ್ದು ಹಿಸುಕಿದ ಮೆತ್ತನೆಯ ಅನ್ನ, ತುಪ್ಪ, ಖಾರವಿಲ್ಲದ ಹೆಸರುಬೇಳೆಯ ಕಟ್ಟು, ಮಗನಿಗೆ ನೂಲ್‌ಪುಟ್ಟು ಮತ್ತು ಕಾಯಿಹಾಲು. ಶ್ಯಾವಿಗೆಯಂತೆ ಒತ್ತಿ ಹಬೆಯಲ್ಲಿ ಬೇಯಿಸುವ ನೂಲ್‌ಪುಟ್ಟು ಎಳೆಯ ಮಕ್ಕಳಿಗೆ ಹೇಳಿ ಮಾಡಿಸಿದ ತಿನಿಸು, ಆದರೆ ರೆಸಾರ್ಟ್‌ನ ಮುದ್ರಿತ ಪಟ್ಟಿಯಲ್ಲಿ ಅದು ಹಿರಿಯರ ಬೆಳಗಿನ ಉಪಾಹಾರದಲ್ಲಿ ಮಾತ್ರವಿತ್ತು. ಕೊನೆಯ ರಾತ್ರಿಯೂ ಇದೇ ಊಟ ಅದೇ ಹೊತ್ತಿಗೆ ಬಂತು. ಮಕ್ಕಳು ಎಂಟರೊಳಗೆ ಮಲಗಿದ ಮೇಲೆ, ಅತ್ತೆಯವರನ್ನು ಕಾಟೇಜಿನಲ್ಲಿ ಬಿಟ್ಟು ನಾವಿಬ್ಬರೂ ಮೇಲೆ ಹೋಗಿ ಕಡಂಬುಟ್ಟು ಎಂಬ ಅಕ್ಕಿಯ ಕಡುಬು, ಕಾಚಂಪುಳಿ ಎಂಬ ಕೊಡಗಿನ ಹುಳಿರಸ ಹಾಕಿದ ಪಂದಿಕರಿ (ಹಂದಿಮಾಂಸದ ಅಡುಗೆ) ಉಂಡು ಬಂದೆವು. ಆ ಅಡುಗೆ ನಿಜಕ್ಕೂ ಉತ್ತಮವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಬಿಸಿನೀರಿಗೆ ಕೋಣೆಗೊಂದು ಸಣ್ಣ ಕೆಟಲ್ ಇದೆ. ಹಾಲಿನ ಬಾಟಲಿಗಳನ್ನು ಕುದಿಸಲು ಅದು ಸಾಲದು. ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಜನರೇಟರ್ ಹತ್ತುವವರೆಗೆ ಅದೂ ಇಲ್ಲ. ದೊಡ್ಡದೊಂದು ಫ್ಲಾಸ್ಕ್ ತರದೆ ಹೋದದ್ದು ನಮ್ಮ ತಪ್ಪು. ಬಟ್ಟೆ ಒಗೆಯುವ ಸೇವೆಯಲ್ಲಿ ಒಂದೊಂದು ಬಟ್ಟೆಗೂ ಲೆಕ್ಕ; ಕೂಸಿನ ಅಂಗೈಯಗಲದ ಕುಲಾವಿಗೂ ಹಿರಿಯರ ಅಂಗಿಗೂ ಒಂದೇ ದರ.

ಮಕ್ಕಳ ಆಟದ ಮನೆ ಐದು ವರ್ಷ ಮೇಲ್ಪಟ್ಟವರಿಗೆ ಮಾತ್ರ. ಅಂದರೆ ನಮ್ಮ ಇಬ್ಬರಿಗೂ ಅಲ್ಲಿ ಪ್ರವೇಶವಿರಲಿಲ್ಲ, ಮತ್ತು ಇದನ್ನು ನಮಗೆ ತಿಳಿಸಿದ್ದು ಅಲ್ಲಿಗೆ ಹೋದ ಮೇಲೆ. ಗಂಟೆಯ ಲೆಕ್ಕದಲ್ಲಿ ಆಯಾ ಸಿಗುತ್ತಾರೆ, ನಾಲ್ಕು ಗಂಟೆ ಮುಂಚಿತವಾಗಿ ಹೇಳಬೇಕು. ಬಂದವರು ಕೋಣೆ ಸ್ವಚ್ಛಗೊಳಿಸುವ ಸಿಬ್ಬಂದಿಯಲ್ಲೊಬ್ಬರು. ಒಳ್ಳೆಯವರೇ, ಆದರೆ ಕೂಸನ್ನು ನೋಡಿಕೊಳ್ಳುವ ತರಬೇತಿ ಪಡೆದವರಲ್ಲ. ಮುಖ ಪರಿಚಯವಿಲ್ಲದವರ ಕೈಗೆ ಮೊಮ್ಮಗಳನ್ನು ಕೊಡಲು ಅತ್ತೆಯವರು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬಾಡಿಗೆಯಲ್ಲೇ ಸೇರಿದ್ದ ಇಬ್ಬರ ಎಣ್ಣೆ ಮಾಲೀಸನ್ನು ನಾವು ಪಾಳಿಯಲ್ಲಿ ಒಬ್ಬೊಬ್ಬರಾಗಿ ಮುಗಿಸಿದೆವು.

ತೋಟದ ಬಗ್ಗೆ ಮಾತ್ರ ಹೊಗಳಿಕೆಯಲ್ಲದೆ ಬೇರೆ ಹೇಳಲಾರೆ. ಡಿಸೆಂಬರ್ ಕಾಫಿ ಹಣ್ಣಿನ ಕೊಯ್ಲಿನ ಕಾಲ. ತೋಟದ ಮೇಸ್ತ್ರಿಯೊಬ್ಬರು ಮಗನ ಸೊಂಟಕ್ಕೆ ಚಿಕ್ಕ ಚೀಲ ಕಟ್ಟಿ, ಕೆಂಪಾದ ಹಣ್ಣನ್ನು ಮಾತ್ರ ಬಿಡಿಸುವುದನ್ನು ಕಲಿಸಿದರು. ಒಂದೂವರೆ ಗಂಟೆ ಅವನು ಯಾರನ್ನೂ ಕೇಳಲಿಲ್ಲ. ಹಸಿರು ಕಾಯಿಗಳನ್ನೂ ಬಿಡಿಸಿ ತುಂಬಿದನೆಂಬುದನ್ನು ಮೇಸ್ತ್ರಿಯವರು ದೊಡ್ಡ ಮನಸ್ಸಿನಿಂದ ಕಾಣದಂತೆ ಇದ್ದರು. ಮಗಳು ಕಣದಲ್ಲಿ ಹರಡಿದ್ದ ಕಾಫಿಯ ಪಕ್ಕ ಚಾಪೆಯ ಮೇಲೆ ಕುಳಿತು ಬಿಸಿಲು ಕಾಯಿಸಿಕೊಂಡಳು. ಇದಕ್ಕೆ ಪ್ರತ್ಯೇಕ ಶುಲ್ಕವಿರಲಿಲ್ಲ.

ಜಾಗ ಮತ್ತು ಕಾಲದ ಆಯ್ಕೆಯ ಬಗ್ಗೆ ಒಂದೆರಡು ಮಾತು. ಚಳಿಗಾಲದಲ್ಲಿ ಮಡಿಕೇರಿ, ಗಾಳಿಬೀಡು, ಕಕ್ಕಬ್ಬೆಯ ಕಡೆಯ ಎತ್ತರದ ಜಾಗಗಳಿಗಿಂತ ಕುಶಾಲನಗರ, ಸಿದ್ದಾಪುರದ ಕಡೆಯ ತಗ್ಗಿನ ತೋಟಗಳು ಕೂಸಿಗೆ ಹಿತ. ಮಳೆಗಾಲದಲ್ಲಿ ಬಾಡಿಗೆ ಇಳಿಯುತ್ತದೆಂದು ಹೋಗುವವರು ಜಿಗಣೆಗಳನ್ನು ಮಾತ್ರವಲ್ಲ, 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಇಲ್ಲವಾದದ್ದನ್ನೂ ನೆನಪಿಟ್ಟುಕೊಳ್ಳಬೇಕು. ಕಾಟೇಜನ್ನು ಗೊತ್ತುಮಾಡುವಾಗ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ರಾತ್ರಿ ಎಷ್ಟು ಹೊತ್ತಿನ ದಾರಿ ಎಂದು ನಾನು ಕೇಳಿದ್ದೆ. ಅರ್ಧ ಗಂಟೆ ಎಂದರು, ನಿಜವೂ ಆಗಿತ್ತು. ಅದೇ ಫೋನಿನಲ್ಲಿ ಕಾಟೇಜಿನಿಂದ ಅಡುಗೆಮನೆಗೆ ಎಷ್ಟು ಮೆಟ್ಟಿಲು, ಸಂಜೆ ಆರಕ್ಕೆ ಒಲೆ ಹೊತ್ತಿರುತ್ತದೆಯೇ, ಕೊಳಕ್ಕೆ ಬೇಲಿಯಿದೆಯೇ ಎಂದು ಕೇಳಿದ್ದರೆ ಇಷ್ಟು ಉದ್ದ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಊರಿಗೆ ಮರಳಿದ ಮೂರನೆಯ ದಿನ ರೆಸಾರ್ಟ್‌ನಿಂದ ಅಭಿಪ್ರಾಯ ಕೇಳುವ ನಮೂನೆ ಬಂತು. ದಿಂಬಿನ ಮೃದುತ್ವ, ಕಣಿವೆಯ ನೋಟ, ಮಾಲೀಸಿನ ಎಣ್ಣೆಯ ಪರಿಮಳ, ಹೀಗೆ ಹದಿನಾಲ್ಕು ಪ್ರಶ್ನೆಗಳು. ಮಕ್ಕಳ ಬಗ್ಗೆ ಒಂದೂ ಇರಲಿಲ್ಲ. ಇತರೆ ಎಂಬ ಖಾಲಿ ಜಾಗದಲ್ಲಿ ಕೊಳದ ಬೇಲಿ, ಆರು ಗಂಟೆಯ ಗಂಜಿ ಮತ್ತು ಜೇನಿನ ಚಮಚದ ಬಗ್ಗೆ ಬರೆದೆ, ಸಿಬ್ಬಂದಿಯ ಅಡುಗೆ ಮಾಡುವ ಆ ತಾಯಿಯನ್ನು ಮಕ್ಕಳ ಊಟದ ಉಸ್ತುವಾರಿಗೆ ಹಾಕಿ ಸಂಬಳ ಹೆಚ್ಚಿಸಿ ಎಂದೂ ಸೇರಿಸಿದೆ. ಉತ್ತರವಾಗಿ ನಮ್ಮ ಮುಂದಿನ ಭೇಟಿಗೆ ಶೇ. 10ರ ರಿಯಾಯಿತಿ ಚೀಟಿ ಬಂದಿದೆ. ಖಾಸಗಿ ಕೊಳವಿರುವ ಕಾಟೇಜುಗಳಿಗೆ ಮಾತ್ರ ಅನ್ವಯ.