ಡಿಶ್‌ವಾಷರ್ ಚೆನ್ನಾಗಿದೆ, ಆದರೆ ಉಪ್ಪು ತುಂಬೋದು ಯಾರು?

ಮೊದಲು ಮೆಷಿನ್ ಬಗ್ಗೆ. ಕೆಲಸ ಚೆನ್ನಾಗಿ ಮಾಡುತ್ತದೆ. ಜಿಡ್ಡು ಹೋಗುತ್ತದೆ, ಲೋಟಗಳು ಹೊಳೆಯುತ್ತವೆ, ಸದ್ದು ಕಡಿಮೆ. ತಳ ಹಿಡಿದ ಪಾತ್ರೆಯನ್ನು ಮಾತ್ರ ನೆನೆಸಿಟ್ಟು ಕೈಯಲ್ಲೇ ಉಜ್ಜಬೇಕು. ಇಕೋ ಮೋಡ್ ಮುಗಿಯೋಕೆ ಮೂರು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಮೆಷಿನ್ ಕೆಟ್ಟಿದೆ ಅಂದುಕೊಳ್ಳಬೇಡಿ, ನೀರನ್ನು ಅಷ್ಟಾಗಿ ಕಾಯಿಸದೆ ನಿಧಾನವಾಗಿ ತೊಳೆಯುವುದರಿಂದಲೇ ಕರೆಂಟ್ ಉಳಿಯುವುದು. ಪಾತ್ರೆಯನ್ನು ಮೊದಲೇ ನಲ್ಲಿಯಲ್ಲಿ ತೊಳೆದು ಹಾಕುವುದು ಬೇಡ. ಅಂಟಿದ್ದನ್ನು ಕೆರೆದು ಹಾಕಿದರೆ ಸಾಕು.

ಈಗ ತಕರಾರು. ಕೊಂಡದ್ದು ನನ್ನ ಸಂಬಳದಲ್ಲಿ. ಶೋರೂಮಿನವರು ತಟ್ಟೆ ಜೋಡಿಸುವುದನ್ನು ನನಗೆ ತೋರಿಸಿ, ವಾರಂಟಿ, ಕಂತು, ಮೋಟರ್ ಎಲ್ಲ ನನ್ನ ಗಂಡನಿಗೆ ವಿವರಿಸಿದರು. ಕಾರ್ಡ್ ನನ್ನದು, ಬಿಲ್ ಗಂಡನ ಕೈಗೆ! "ಮೇಡಂಗೆ ಇನ್ನು ಆರಾಮ" ಅಂತ ಬೇರೆ. ಪಾತ್ರೆ ಮೇಡಂದೇ ಅಂತ ಇವರಿಗೆ ಯಾರು ಹೇಳಿದರೋ.

ಆರಾಮ ಆಗಿದೆ, ಇಲ್ಲ ಅನ್ನಲ್ಲ. ಆದರೆ ಉಜ್ಜುವ ಕೆಲಸ ಹೋಗಿ ನೆನಪಿಟ್ಟುಕೊಳ್ಳುವ ಕೆಲಸ ಬಂತು. ಗಡಸು ನೀರನ್ನು ಮೆದು ಮಾಡಲು ಬೇರೆಯದೇ ಉಪ್ಪು ತುಂಬಬೇಕು (ಅಡುಗೆ ಉಪ್ಪು ಹಾಕಲೇಬಾರದು), ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ನೋಡಿಕೊಳ್ಳಬೇಕು, ಫಿಲ್ಟರ್ ಬಿಚ್ಚಿ ತೊಳೆಯಬೇಕು, ಪಾತ್ರೆ ತೆಗೆದಿಡಬೇಕು. ಮೆಷಿನ್‌ನ ಆಪ್ ನನ್ನ ಫೋನಿನಲ್ಲಿ ಇತ್ತಲ್ಲ, ಆಫೀಸಿನ ಮೀಟಿಂಗ್ ಮಧ್ಯೆ 'ಉಪ್ಪು ಮುಗಿದಿದೆ' ಅಂತ ನನಗೇ ಸಂದೇಶ. ಆಮೇಲೆ ಅದನ್ನು ಗಂಡನ ಫೋನಿಗೆ ಹಾಕಿದೆವು. ಈಗ ಉಪ್ಪು, ಫಿಲ್ಟರ್ ಎರಡೂ ಅವರ ಪಾಲು. ಹೇಳಬೇಕಾಗಿಯೇ ಇಲ್ಲ, ಮಾಡುತ್ತಾರೆ.

ಇಷ್ಟು ದುಡ್ಡು ದಂಡ ಅಲ್ವಾ ಅಂತ ಕೇಳುವವರಿಗೆ ಒಂದು ಮಾತು. 1886ರಲ್ಲಿ ಪಾತ್ರೆ ತೊಳೆಯುವ ಮೆಷಿನ್‌ಗೆ ಪೇಟೆಂಟ್ ಪಡೆದು ಅದನ್ನು ವ್ಯಾಪಾರ ಮಾಡಿ ತೋರಿಸಿದವರು ಅಮೆರಿಕದ ಜೋಸೆಫೀನ್ ಕಾಕ್ರೇನ್ ಅನ್ನುವ ಹೆಂಗಸು. ಆದರೆ ಮೊದಮೊದಲು ಕೊಂಡದ್ದು ಹೋಟೆಲಿನವರು. ಮನೆಗಳಿಗೆ ಬರೋಕೆ ದಶಕಗಳೇ ಹಿಡಿದವು. ಆಗಿನ ಮನೆಗಳಲ್ಲಿ ಅಷ್ಟು ಬಿಸಿನೀರು ಇರಲಿಲ್ಲ, ನಿಜ. ಆದರೆ ಕೂಲಿ ಕೊಟ್ಟು ತೊಳೆಸುವ ಹೋಟೆಲಿಗೆ ಉಳಿತಾಯ ಕಣ್ಣಿಗೆ ಕಾಣುತ್ತದೆ, ಮನೆಯಲ್ಲಿ ಬಿಟ್ಟಿ ನಡೆಯುವ ಕೆಲಸಕ್ಕೆ ಲೆಕ್ಕ ಇಡುವವರು ಯಾರು?

ಮೆಷಿನ್‌ಗೆ 5ಕ್ಕೆ 4. ಶೋರೂಮಿಗೆ 1, ಅದೂ ಡೆಲಿವರಿ ಹೇಳಿದ ದಿನಕ್ಕೆ ಬಂದದ್ದಕ್ಕೆ. ಕೊಳ್ಳುವುದಾದರೆ ಡೆಮೋ ಕೊಡೋಕೆ ಬಂದಾಗ ಇಬ್ಬರೂ ನಿಂತು ನೋಡಿ, ಆಪ್ ಅವತ್ತೇ ಇಬ್ಬರ ಫೋನಿಗೂ ಹಾಕಿಸಿ.